ಗ್ಯಾಸ್ಟ್ರಿಕ್ ಅಂದುಕೊಂಡ ಮೂರು ಗಂಟೆ

ಮಾದನಾಯಕನಹಳ್ಳಿಯ ನಮ್ಮ ರೂಮಿನಲ್ಲಿ ನಾಲ್ವರಿದ್ದೆವು. ಮೂವರು ಕೆಲಸ ಹುಡುಕುವವರು, ಇನ್ನೊಬ್ಬರು ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದ ಅಣ್ಣ. ವಯಸ್ಸು 36. ಒಂದು ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರೇ, ಎದೆ ಮೇಲೆ ಯಾರೋ ಕೂತಂಗಾಗ್ತಿದೆ ಎಂದರು. ಎಡಗೈ ಜೋಮು, ಮೈತುಂಬ ಬೆವರು. ‘ಗ್ಯಾಸ್ಟ್ರಿಕ್ ಇರಬೇಕಣ್ಣ’ ಎಂದವನು ನಾನೇ. ಈನೋ ಕುಡಿಸಿದೆವು, ಜೀರಿಗೆ ನೀರು ಕಾಯಿಸಿದೆವು, ಬೆನ್ನು ತಿಕ್ಕಿದೆವು. ‘ಸುಮ್ನೆ ಯಾಕೆ ಖರ್ಚು, ಬೆಳಗ್ಗೆ ನೋಡೋಣ’ ಎಂದರು ಅವರು. ಹೀಗೆ ಮೂರು ಗಂಟೆ ಕಳೆಯಿತು.

ಅದು ಹೃದಯಾಘಾತ. ಅಣ್ಣ ಉಳಿದರು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿದೆ. ಭಾರ ಎತ್ತುವ ಹಳೆಯ ಕೆಲಸ ಇನ್ನು ಸಾಧ್ಯವಿಲ್ಲ.

ಮೈಗೆಲ್ಲ ರಕ್ತ ತಳ್ಳುವ ಹೃದಯಕ್ಕೆ ರಕ್ತ ಕೊಡುವುದು ಪೆನ್ಸಿಲ್ಲಿಗಿಂತ ಸಣ್ಣಗಿರುವ ಕರೋನರಿ ರಕ್ತನಾಳಗಳು. ಅವುಗಳ ಗೋಡೆಯೊಳಗೆ ಕೊಬ್ಬು ವರ್ಷಗಟ್ಟಲೆ ಸದ್ದಿಲ್ಲದೆ ಸೇರುತ್ತದೆ. ಬೀಡಿ, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ. ಭಾರತೀಯರಿಗೆ ಈ ಕಾಯಿಲೆ ಪಾಶ್ಚಾತ್ಯರಿಗಿಂತ ಸುಮಾರು 10 ವರ್ಷ ಮೊದಲೇ ಬರುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅಲ್ಲಿಂದ ನಿಮಿಷ ನಿಮಿಷಕ್ಕೂ ಸ್ನಾಯು ಸಾಯುತ್ತಾ ಹೋಗುತ್ತದೆ. ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ಸಿಕ್ಕರೆ ಹೆಚ್ಚು ಭಾಗ ಉಳಿಯುತ್ತದೆ.

ನಮಗೆ ಭಯವಿಲ್ಲವೆಂದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ, 2025ರಲ್ಲಿ ಹಾಸನದಿಂದ ಸಾವಿನ ಸುದ್ದಿಗಳು ಬಂದಾಗ, ಜನ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಹಾಸನದಲ್ಲಿ ಇಂಥ ಸಾವುಗಳು ವಿಪರೀತ ಏರಿಲ್ಲ ಎಂದು ತಜ್ಞರ ಸಮಿತಿ ಆಮೇಲೆ ವರದಿ ಕೊಟ್ಟಿತು. ವಿಚಿತ್ರವೆಂದರೆ, ನೋವಿಲ್ಲದ ಹಗಲು ಸಾಲಿನಲ್ಲಿ ನಿಲ್ಲುವ ನಾವೇ ನೋವಿರುವ ರಾತ್ರಿ ಈನೋ ಹುಡುಕುತ್ತೇವೆ.

ಖರ್ಚಿನ ಭಯಕ್ಕೂ ಒಂದು ಉತ್ತರವಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರದ ‘ಹೃದಯ ಜ್ಯೋತಿ’ ಯೋಜನೆ ಇದೆ. ಅದಕ್ಕೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಖಚಿತವಾದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಮಿಕರಿಗೆ ಇಎಸ್‌ಐ ಸೌಲಭ್ಯವೂ ಉಂಟು. ಅಣ್ಣನ ಇಎಸ್‌ಐ ಕಾರ್ಡು ಪೆಟ್ಟಿಗೆಯ ತಳದಲ್ಲೇ ಇತ್ತು. ತುಮಕೂರು ರಸ್ತೆ ಪಕ್ಕದಲ್ಲೇ. ಆ ಹೊತ್ತಿನಲ್ಲಿ ನೆಲಮಂಗಲಕ್ಕೆ ಅರ್ಧ ಗಂಟೆಯೂ ಬೇಕಿರಲಿಲ್ಲ. 108ಕ್ಕೆ ಫೋನ್ ಮಾಡಲು ದುಡ್ಡೂ ಬೇಡ.

ಅಣ್ಣ ಈಗ ಬೀಡಿ ಬಿಟ್ಟಿದ್ದಾರೆ. ಗೇಟಿನಲ್ಲಿ ಲಾರಿಗಳ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ, ಸಂಬಳ ಕಡಿಮೆ. ಇದೆಲ್ಲ ಓದಿ ಹೇಳಿದಾಗ, ‘ಈನೋ ಕಲಸಿಕೊಟ್ಟೋನು ನೀನೇ ಅಲ್ವೇನೋ’ ಎಂದು ನಕ್ಕರು. ನನಗೆ ನಗು ಬರಲಿಲ್ಲ.