ಒಂದು ತಟ್ಟೆ ಹೆಚ್ಚಿಗೆ

ಹೊಸಿಲಿನ ಈಚೆ ನಿಂತು ಆಚೆಯವರಿಗೆ ಏನನ್ನೂ ಕೊಡಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ನನಗೆ ಮತ್ತೆ ನೆನಪಿಸಿದವರು ಪೋಲೆಂಡಿನ ಒಬ್ಬ ಗೃಹಸ್ಥರು. ಮಗನೊಡನೆ ಕೆಲವು ತಿಂಗಳು ಇರಲೆಂದು ನಾನು ಕ್ರಾಕೋವ್ ನಗರಕ್ಕೆ ಹೋಗಿದ್ದೆ. ಡಿಸೆಂಬರ್ 24ರ ಸಂಜೆ ನೆರೆಮನೆಯವರು ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಸೇವಂತಿಗೆ ಒಯ್ಯೋಣವೆಂದರೆ ಮಗ ತಡೆದ. ಅಲ್ಲಿ ಅದು ಸಮಾಧಿಯ ಹೂವು. ಬಾಗಿಲು ತೆರೆದವರತ್ತ ಹೊರಗಿನಿಂದಲೇ ಕೈ ಚಾಚಿದೆ. ಅವರು ತಲೆಯಾಡಿಸಿ, ನನ್ನ ತೋಳು ಹಿಡಿದು ಒಳಕ್ಕೆ ಕರೆದುಕೊಂಡು, ಆಮೇಲೆ ಕೈಕುಲುಕಿದರು. ಹೊಸಿಲ ಮೇಲೆ ಕೈಕುಲುಕುವುದು ಅಲ್ಲಿಯೂ ಅಶುಭವಂತೆ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆಯ ಈ ಹಬ್ಬಕ್ಕೆ ಪೋಲಿಷ್ ಭಾಷೆಯಲ್ಲಿ ‘ವಿಗಿಲಿಯ’ ಎಂದು ಹೆಸರು. ಜಾಗರಣೆ ಎಂಬರ್ಥದ ಲ್ಯಾಟಿನ್ ಪದವೇ ಇದರ ಮೂಲ. ಪೋಲರಿಗೆ ಮರುದಿನದ ಹಬ್ಬಕ್ಕಿಂತ ಈ ಸಂಜೆಯೇ ಹೆಚ್ಚು ಆಪ್ತ. 2025ರಿಂದ ಈ ದಿನ ಅಲ್ಲಿ ಸಾರ್ವತ್ರಿಕ ರಜೆಯೂ ಆಗಿದೆ. ಹಗಲೆಲ್ಲ ಮಿತಾಹಾರ, ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆಯೇ ಊಟ. ಸಂಕಷ್ಟಿಯ ದಿನ ಚಂದ್ರೋದಯಕ್ಕೆ ಕಾಯುವ ನಮಗೆ ಇದು ಹೊಸತೇನಲ್ಲ. ಅಲ್ಲಿ ಡಿಸೆಂಬರಿನ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ. ಆ ಮನೆಯ ಮಕ್ಕಳು ಕಿಟಕಿಯ ಗಾಜಿಗೆ ಮೂಗು ಒತ್ತಿ ನಕ್ಷತ್ರಕ್ಕೆ ಕಾದಿದ್ದರು.

ಮೇಜಿನ ಮೇಲೆ ಬಿಳಿಯ ಬಟ್ಟೆ. ಅದರಡಿಯಲ್ಲಿ, ಯೇಸು ಹುಟ್ಟಿದ ಗೋದಲಿಯ ನೆನಪಿಗೆ, ಒಂದು ಹಿಡಿ ಒಣಹುಲ್ಲು. ಮನೆಯವರು ಐವರು, ನಾವಿಬ್ಬರು. ತಟ್ಟೆಗಳು ಮಾತ್ರ ಎಂಟು. ಎಂಟನೆಯದು ಕರೆಯದೆ ಬರುವ ಅತಿಥಿಗೆ ಮೀಸಲೆಂದು ನಾನು ಓದಿದ್ದೆ. ‘ಅತಿಥಿ ಮನೆಗೆ ಬಂದರೆ ದೇವರೇ ಮನೆಗೆ ಬಂದಂತೆ’ ಎಂಬುದು ಪೋಲರ ಗಾದೆ. ಪರದೇಶದವನಾದ ನನಗೇ ಆ ಸ್ಥಾನ ಸಲ್ಲಬೇಕೆಂದು ತಿಳಿದು, ಆ ಕುರ್ಚಿಯ ಬಳಿಗೆ ಹೋದೆ. ಮನೆಯ ಅಜ್ಜಿ ನಕ್ಕು, ನನ್ನನ್ನು ಪಕ್ಕದ ಕುರ್ಚಿಗೆ ಕರೆದರು. ಅವರ ಮಾತನ್ನು ಮಗ ಕನ್ನಡದಲ್ಲಿ ಹೇಳಿದ: “ನಿಮ್ಮ ತಟ್ಟೆಯನ್ನು ಬೆಳಗ್ಗೆಯೇ ಎಣಿಸಿದ್ದಾರಂತೆ. ಅದು ಬೇರೆಯವರದಂತೆ.”

ಆ ಬೇರೆಯವರು ಯಾರು? ಅಗಲಿದ ಹಿರಿಯರು ಎನ್ನುತ್ತಾರೆ ಕೆಲವರು. ದಾರಿ ತಪ್ಪಿದ ಪಯಣಿಗರು ಎನ್ನುತ್ತಾರೆ ಹಲವರು. ಆದರೆ ಆ ನಾಡಿನ ಚರಿತ್ರೆ ಖಾಲಿ ತಟ್ಟೆಗೆ ಇನ್ನೊಂದು ಅರ್ಥವನ್ನು ತುಂಬಿದೆ. 1795ರಿಂದ 1918ರವರೆಗೆ, 123 ವರ್ಷ, ಪೋಲೆಂಡ್ ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡಿದ್ದವು. 1863ರ ದಂಗೆ ಮುರಿದುಬಿದ್ದಾಗ ಸಾವಿರಾರು ಜನರನ್ನು ಸೈಬೀರಿಯಕ್ಕೆ ಗಡೀಪಾರು ಮಾಡಿದರು. ಅಂಥವರ ಮನೆಗಳಲ್ಲಿ ಆ ತಟ್ಟೆ ಯಾರದೆಂದು ಕೇಳಬೇಕಾಗಿರಲಿಲ್ಲ. 1981ರ ಡಿಸೆಂಬರ್ 13ರಂದು ಸರ್ಕಾರ ಸೈನಿಕ ಕಾಯಿದೆ ಹೇರಿತು. ಆ ವರ್ಷದ ಹಬ್ಬದಲ್ಲಿ ತಮ್ಮ ಅಣ್ಣ ಬಂಧನದಲ್ಲಿದ್ದರೆಂದು ನಮ್ಮ ಆತಿಥೇಯರು ಹೇಳಿದರು. ತಾಯಿ ಆ ತಟ್ಟೆಗೆ ಸಾರನ್ನೂ ಬಡಿಸಿಟ್ಟಿದ್ದರಂತೆ.

ನಕ್ಷತ್ರ ಮೂಡಿತೆಂದು ಮಕ್ಕಳು ಕೂಗಿದರು. ಲೂಕನ ಸುವಾರ್ತೆಯಿಂದ ಯೇಸುವಿನ ಜನನದ ಭಾಗವನ್ನು ಓದಿದರು. ಅನಂತರ ಪ್ರತಿಯೊಬ್ಬರ ಕೈಗೂ ‘ಒಪ್ವಾತೆಕ್’ ಬಂತು. ಇದು ಗೋಧಿಹಿಟ್ಟು, ನೀರುಗಳಿಂದ ಮಾಡಿದ, ಕಾಗದದಷ್ಟು ತೆಳ್ಳನೆಯ ಹಪ್ಪಳದಂಥದು. ಮೇಲೆ ಕ್ರಿಸ್ತಜನನದ ಅಚ್ಚು. ಚರ್ಚಿನಲ್ಲಿ ಕೊಡುವ ಪವಿತ್ರ ಪ್ರಸಾದ ಇದಲ್ಲ. ಆದ್ದರಿಂದ ಅನ್ಯಮತೀಯರೂ ಮುರಿದು ತಿನ್ನಬಹುದು. ಒಬ್ಬೊಬ್ಬರೂ ಪ್ರತಿಯೊಬ್ಬರ ಎದುರಿಗೆ ಹೋಗಿ, ಅವರದರಿಂದ ಒಂದು ಚೂರು ಮುರಿದುಕೊಂಡು, ತಮ್ಮದನ್ನು ಮುರಿಯಗೊಟ್ಟು, ಒಳಿತನ್ನು ಹಾರೈಸಬೇಕು. ಮನಸ್ತಾಪವಿದ್ದರೆ ಅದನ್ನು ಅಲ್ಲಿಯೇ ಬಿಡಬೇಕು. ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತನ್ನು ಬೇಡುವ ನಮ್ಮ ಸಂಕ್ರಾಂತಿಯ ಆಶಯವೂ ಇದೇ. ಆದರೆ ಎಳ್ಳುಬೆಲ್ಲವನ್ನು ಬೀರಿ ಬೇಗನೆ ಮುಂದಿನ ಮನೆಗೆ ನಡೆದುಬಿಡಬಹುದು. ಇಲ್ಲಿ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲೇಬೇಕು.

ಅಜ್ಜಿಗೆ ನಾನು ಕನ್ನಡದಲ್ಲಿಯೇ ಹಾರೈಸಿದೆ. ಅವರು ಪೋಲಿಷಿನಲ್ಲಿ ಹರಸಿದರು. ಕೊನೆಗೆ ನನ್ನೆದುರು ಉಳಿದವನು ನನ್ನ ಮಗ. ಊರಿನ ಮನೆಯನ್ನು ಮಾರುವ ವಿಷಯದಲ್ಲಿ ನಮ್ಮಿಬ್ಬರಿಗೂ ಬಿರುಸು ಮಾತಾಗಿತ್ತು. ಒಂದೇ ಸೂರಿನಡಿ ಇದ್ದರೂ ಅದನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅವನು ನನ್ನ ಒಪ್ವಾತೆಕ್ಕಿನಿಂದ ಚೂರು ಮುರಿದುಕೊಂಡು, “ಅಪ್ಪಾ, ಅವತ್ತು ಫೋನಿನಲ್ಲಿ ನಾನು ಹಾಗೆ ಮಾತಾಡಬಾರದಿತ್ತು” ಎಂದ. “ನಾನೂ ಅಷ್ಟೆ” ಎಂದೆ. ಮೂವತ್ತೈದು ವರ್ಷ ಪಾಠ ಹೇಳಿದ ನಾಲಗೆಗೆ ಅದಕ್ಕಿಂತ ಹೆಚ್ಚು ಮಾತು ಒದಗಲಿಲ್ಲ. ಮನೆಯ ವ್ಯವಹಾರ ಅಂದು ಇತ್ಯರ್ಥವಾಗಲಿಲ್ಲ. ಆದರೆ ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಅದನ್ನು ಮಾತಾಡುವುದು ಸಾಧ್ಯವಾಯಿತು.

ಆಮೇಲೆ ಊಟ. ಸಂಪ್ರದಾಯದಂತೆ ಹನ್ನೆರಡು ಬಗೆ, ಮಾಂಸವಿಲ್ಲ. ಕಾರ್ಪ್ ಮೀನೊಂದನ್ನು ಬಿಟ್ಟು ನಾನು ಬೀಟ್‌ರೂಟಿನ ಸಾರು, ಎಲೆಕೋಸು-ಅಣಬೆ ತುಂಬಿದ ಕಡುಬು, ಒಣಹಣ್ಣಿನ ಪಾನಕಗಳಿಂದ ತೃಪ್ತನಾದೆ. ಗೋಧಿ, ಜೇನು, ಗಸಗಸೆಗಳ ‘ಕುತ್ಯ’ ನಮ್ಮ ಪಾಯಸದ ದೂರದ ನಂಟನಂತಿತ್ತು.

ಪರನಾಡಿನ ಹಬ್ಬದಲ್ಲಿ ನಾವು ನೋಡುವವರಾಗಿ ಕುಳಿತರೆ ಅವರು ಉಪಚರಿಸಿ ಕಳುಹಿಸುತ್ತಾರೆ. ಅದು ಸೌಜನ್ಯ. ನಮ್ಮನ್ನು ಎಣಿಕೆಗೆ ಸೇರಿಸಿಕೊಂಡರೆ ಅವರ ಹಬ್ಬ ನಮ್ಮಿಂದಲೂ ಏನನ್ನಾದರೂ ಕೇಳುತ್ತದೆ. ಅದನ್ನು ಕೊಟ್ಟಾಗಲೇ ನಾವು ಪಾಲ್ಗೊಂಡಂತೆ.

ಊಟ ಮುಗಿದ ಮೇಲೆ ಅಜ್ಜಿ ತಟ್ಟೆಗಳನ್ನು ಒಟ್ಟುಮಾಡಿದರು. ಎಂಟನೆಯದರಲ್ಲಿ ಯಾರೂ ಉಂಡಿರಲಿಲ್ಲ. ಆದರೂ ಉಳಿದವುಗಳ ಜೊತೆಗೆ ಅದನ್ನೂ ತೊಳೆದಿಟ್ಟರು.

(ಬಾನುಲಿ ಭಾಷಣ)