ಜೀನ್ಸ್ ನೂಲು ನುಂಗಿದ ಕಂಪ್ಯೂಟರ್

ಕಳೆದ ಬೇಸಿಗೆಯಲ್ಲಿ ರಾಯದುರ್ಗದ ಮನೆಯೊಂದರಲ್ಲಿ ಕಂಪ್ಯೂಟರ್ ಬಿಚ್ಚಿ ನೋಡುವ ಸಂದರ್ಭ ಬಂತು. ಜೀನ್ಸ್ ಹೊಲಿಯುವ ಮನೆ. ಪಡಸಾಲೆಯಲ್ಲಿ ಎರಡು ಹೊಲಿಗೆ ಮಶೀನು, ಅದೇ ಮೂಲೆಯಲ್ಲಿ ಮಕ್ಕಳ ಕಂಪ್ಯೂಟರು. ಆನ್ ಮಾಡಿದರೆ ಹತ್ತು ನಿಮಿಷ ಚೆನ್ನಾಗಿ ನಡೆದು ಪಟ್ಟನೆ ಆರಿಹೋಗುತ್ತಿತ್ತು. ತಕ್ಷಣ ಮತ್ತೆ ಆನ್ ಮಾಡಿದರೆ ಎರಡೇ ನಿಮಿಷ. "ವೈರಸ್ ಹೊಕ್ಕಿದೆ, ಹೊಸದು ತಗೊಳ್ಳಿ ಅಂದ್ರಣ್ಣ" ಎಂದರು ಮನೆಯಾಕೆ. ಪಕ್ಕದ ತಗಡು ತೆಗೆದು, ಪ್ರೊಸೆಸರ್ ಮೇಲಿನ ಫ್ಯಾನ್ ಎತ್ತಿದೆ. ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳೇ ಕಾಣುತ್ತಿರಲಿಲ್ಲ. ಅವುಗಳ ಮೇಲೆ ಒಂದು ನೀಲಿ ಪದರ ಕೂತಿತ್ತು. ಉಗುರಿನಿಂದ ಎಬ್ಬಿಸಿದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬಂತು. ಜೀನ್ಸ್ ಬಟ್ಟೆಯಿಂದ ಉದುರಿದ ನವಿರು ನೂಲು, ಊರಿನ ಕೆಂಧೂಳಿನ ಜೊತೆ ಸೇರಿ ಗಟ್ಟಿಯಾಗಿತ್ತು.

ಪ್ರೊಸೆಸರ್ ಎಂಬ ಚಿಪ್ಪು ಹೆಬ್ಬೆರಳ ಉಗುರಿನಷ್ಟು ಅಗಲ. ಮನೆಬಳಕೆಯ ಕಂಪ್ಯೂಟರಿನಲ್ಲಿ ಅದು ಜೋರಾಗಿ ದುಡಿಯುವಾಗ ಸುಮಾರು 65 ವ್ಯಾಟ್ ಶಾಖ ಹೊರಹಾಕುತ್ತದೆ. ಹಳೆಯ 60 ವ್ಯಾಟ್ ಬಲ್ಬಿನ ಬಿಸಿಯನ್ನೆಲ್ಲ ಒಂದು ಉಗುರಿನ ಮೇಲೆ ಇಟ್ಟ ಹಾಗೆ. ಆ ಬಿಸಿ ಲೋಹದ ರೆಕ್ಕೆಗಳಿಗೆ ಹರಿಯಬೇಕು, ರೆಕ್ಕೆಗಳ ನಡುವೆ ಫ್ಯಾನ್ ಗಾಳಿ ನುಗ್ಗಿಸಬೇಕು, ಗಾಳಿ ಅದನ್ನು ಹೊರಗೆ ಒಯ್ಯಬೇಕು. ಹಾದಿ ಮುಚ್ಚಿದರೆ ಶಾಖ ಒಳಗೇ ಉಳಿಯುತ್ತದೆ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಚಿಪ್ಪು ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ಅದರಿಂದಲೂ ತಣಿಯದಿದ್ದರೆ ಇಡೀ ಯಂತ್ರವನ್ನೇ ಆರಿಸಿಬಿಡುತ್ತದೆ. ಆ ಮನೆಯ ಕಂಪ್ಯೂಟರು ಕೆಟ್ಟಿರಲಿಲ್ಲ, ತನ್ನ ಜೀವ ಉಳಿಸಿಕೊಳ್ಳುತ್ತಿತ್ತು. ಎರಡನೆಯ ಸಲ ಬೇಗ ಆರಲು ಕಾರಣವೂ ಅದೇ: ಲೋಹ ಇನ್ನೂ ತಣಿದಿರಲಿಲ್ಲ.

ರಾಯದುರ್ಗವಿರುವ ಅನಂತಪುರ ಸೀಮೆ ಮಳೆ ನೆರಳಿನ ನಾಡು. ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿ.ಮೀ. ಸುತ್ತಮುತ್ತ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್ ಎಷ್ಟೇ ತಿರುಗಲಿ, ಕೋಣೆಯ ಗಾಳಿಗಿಂತ ತಂಪಾಗಿಸಲು ಅದಕ್ಕೆ ಸಾಧ್ಯವಿಲ್ಲ. ಬೆಂಗಳೂರಿನ ಮನೆಯಲ್ಲಿ ಎರಡು ವರ್ಷ ಸುಮ್ಮನಿರಬಹುದಾದ ಧೂಳು ಇಲ್ಲಿ ಏಪ್ರಿಲ್ ಬರುತ್ತಲೇ ಬುದ್ಧಿ ಕಲಿಸುತ್ತದೆ. ಆದ್ದರಿಂದ ಯುಗಾದಿಗೆ ಮನೆ ಸುಣ್ಣಬಣ್ಣ ಕಾಣುವಾಗ ಕಂಪ್ಯೂಟರನ್ನೂ ಅಂಗಳಕ್ಕೆ ತನ್ನಿ. ವೈರ್ ಕಿತ್ತು, ಹತ್ತು ನಿಮಿಷ ಬಿಟ್ಟು, ಒಣ ಬ್ರಷ್ಷಿನಿಂದ ಧೂಳು ಸಡಿಲಿಸಿ ಊದಿ. ಬ್ಲೋಯರ್ ಹಿಡಿದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಲೇಬೇಕು. ಗಾಳಿಯ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಒಳಗೆ ತಾಕಿಸಬೇಡಿ. ಬೆಳ್ಳಿ ಬಣ್ಣದ ಪವರ್ ಸಪ್ಲೈ ಡಬ್ಬಿಯನ್ನು ಹೊರಗಿನಿಂದ ಊದಿದರೆ ಸಾಕು. ವೈರ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ, ಬಿಚ್ಚಲು ಹೋಗಬೇಡಿ.

ಹೀಗೆ ಬಿಸಿಯೇರಿ ಆರುವುದಕ್ಕೂ ಬೋರ್ ಮೋಟಾರ್ ಶುರುವಾದ ಗಳಿಗೆಯಲ್ಲೇ ಆರುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ವೋಲ್ಟೇಜ್ ಕುಸಿತ, ಯುಪಿಎಸ್ ಇದ್ದೂ ಹಾಗಾದರೆ ಅದರ ಬ್ಯಾಟರಿ ಸತ್ತಿರಬಹುದು. ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ. ಅದಕ್ಕಿಂತ ಪ್ರತಿ 10 ಡಿಗ್ರಿ ಏರಿದಾಗಲೂ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಿಸಿಲು ಬೀಳುವ ಕಿಟಕಿಯ ಕೆಳಗೆ ಯುಪಿಎಸ್ ಇಟ್ಟ ಮನೆಗಳನ್ನು ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ತೊಂದರೆಯಂತೂ ಹೊರಗಿನಿಂದ ನೋಡಿದರೆ ಇಂಟರ್‌ನೆಟ್ ಕೆಟ್ಟಂತೆಯೇ ಕಾಣುತ್ತದೆ. ಮಡಕಶಿರಾ ಕಡೆಯ ಹಳ್ಳಿಯಲ್ಲಿ ಓದುವ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು: "ಮಾವ, ಹಾಲ್ ಟಿಕೆಟ್ ತೆಗೀಬೇಕು, ಯಾವ ಸೈಟು ತೆಗೆದ್ರೂ ಸುರಕ್ಷಿತ ಅಲ್ಲ ಅಂತಿದೆ." ಪರದೆಯ ಬಲ ಮೂಲೆಯಲ್ಲಿ ಯಾವ ತಾರೀಖಿದೆ ನೋಡು ಎಂದೆ. 2012ರ ಜನವರಿ 1! ಸುರಕ್ಷಿತ ಜಾಲತಾಣಗಳು ತಮ್ಮ ಗುರುತಿಗೊಂದು ಪ್ರಮಾಣಪತ್ರ ತೋರಿಸುತ್ತವೆ. ಅದಕ್ಕೆ ಆರಂಭದ ದಿನವೂ ಇದೆ, ಮುಗಿಯುವ ದಿನವೂ ಇದೆ. 2012ರಲ್ಲೇ ನಿಂತ ಕಂಪ್ಯೂಟರಿಗೆ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟದ್ದರ ಹಾಗೆ ಕಂಡು, ಅದು ಬಾಗಿಲು ತೆರೆಯಲು ಒಪ್ಪುವುದಿಲ್ಲ. ತಾರೀಖು ಸರಿಮಾಡಿದ ಕೂಡಲೇ ಅವಳ ಹಾಲ್ ಟಿಕೆಟ್ ಬಂತು.

ಆದರೆ ಮರುದಿನ ಮತ್ತೆ 2012. ಕಂಪ್ಯೂಟರಿಗೆ ಗೋಡೆಯ ವಿದ್ಯುತ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡ್ ಮೇಲಿನ ಒಂದು ಬಿಲ್ಲೆ ಬ್ಯಾಟರಿ. ಸಾಮಾನ್ಯವಾಗಿ ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಅಗಲ 20 ಮಿ.ಮೀ., ದಪ್ಪ 3.2 ಮಿ.ಮೀ., ಅಳತೆಯೇ ಅದರ ಹೆಸರು. ವೈರ್ ಗೋಡೆಯಲ್ಲಿ ಜೀವಂತವಾಗಿರುವಷ್ಟು ಹೊತ್ತು ಈ ಬಿಲ್ಲೆಗೆ ಬಹುತೇಕ ಕೆಲಸವಿಲ್ಲ, ಗಡಿಯಾರಕ್ಕೆ ಬೇಕಾದ ವಿದ್ಯುತ್ ಗೋಡೆಯಿಂದಲೇ ಬರುತ್ತದೆ. ನಮ್ಮಲ್ಲಿ ರಾತ್ರಿ ಮೇನ್ ಸ್ವಿಚ್ ಆರಿಸಿ ಮಲಗುವುದು ರೂಢಿ, ಸಿಡಿಲಿನ ಭಯಕ್ಕೆ ಅದು ಒಳ್ಳೆಯದೇ. ಆದರೆ ಆಗ ಬಿಲ್ಲೆ ಪ್ರತಿ ರಾತ್ರಿ ದುಡಿಯುತ್ತದೆ, ಬೇಗ ಸವೆಯುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲಿ ಅದೇ ಬಿಲ್ಲೆ ಸಿಗುತ್ತದೆ. ವೈರ್ ಕಿತ್ತು, ಪಕ್ಕದ ಕೊಂಡಿಯನ್ನು ಉಗುರಿನಿಂದ ಸರಿಸಿ, ಹೊಸದನ್ನು ಬರಹವಿರುವ ಮುಖ ಮೇಲೆ ಮಾಡಿ ಕೂರಿಸಿ.

ಕಂಪ್ಯೂಟರ್ ತೆವಳುತ್ತಿದ್ದರೆ "ಆಫ್ ಮಾಡಿ ಆನ್ ಮಾಡು" ಎನ್ನುತ್ತೇವಲ್ಲ, ವಿಂಡೋಸ್ 8 ಬಂದಮೇಲೆ ಆ ಮಾತು ಪೂರ್ತಿ ನಿಜವಲ್ಲ. ಶಟ್ ಡೌನ್ ಒತ್ತಿದರೆ ಅದು ವ್ಯವಸ್ಥೆಯ ತಿರುಳನ್ನು ಡಿಸ್ಕಿನಲ್ಲಿ ಮಡಿಸಿಟ್ಟು, ಮರುದಿನ ಅದನ್ನೇ ಬಿಡಿಸಿಕೊಂಡು ಏಳುತ್ತದೆ. ನಿನ್ನೆಯ ಸಿಕ್ಕೂ ಜೊತೆಗೇ ಬರಬಹುದು. ಎಲ್ಲವನ್ನೂ ಹೊಸದಾಗಿ ಶುರುಮಾಡುವುದು ರೀಸ್ಟಾರ್ಟ್.

ಆಂಧ್ರ-ಕರ್ನಾಟಕದ ಈ ಗಡಿಸೀಮೆಯ ಮನೆಗಳಿಗೇ ಮೀಸಲಾದ ತೊಂದರೆಯೊಂದಿದೆ, ಅದು ಅಕ್ಷರದ್ದು. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೂ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರ ರಾಜ್ಯ ಹುಟ್ಟಿದಾಗ ಅದರ ಪಾಲಿಗೆ ಹೋಯಿತು. ಅತ್ತ ಮಡಕಶಿರಾ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಸರ್ಕಾರದ ಕಾಗದ ತೆಲುಗಿನಲ್ಲಿ, ಅಜ್ಜಿಯ ಓದು ಕನ್ನಡದಲ್ಲಿ, ಲಗ್ನಪತ್ರಿಕೆ ಎರಡರಲ್ಲೂ. ಚಿತ್ರದುರ್ಗದ ನೆಂಟರು ಕಳಿಸಿದ ಪತ್ರಿಕೆಯ ಕರಡು ತೆರೆದರೆ, ಕನ್ನಡದ ಬದಲು ತಲೆಯ ಮೇಲೆ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡುವವರು ಎಷ್ಟೋ ಮಂದಿ. ದಯವಿಟ್ಟು ಅಳಿಸಬೇಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರಿಸಿದ್ದವು. ಆ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ಮನೆಯ ಮೂಲ ಒಡೆಯರೇ ಕಾಣಿಸಿಕೊಳ್ಳುತ್ತಾರೆ. ಅದೇ ಫಾಂಟ್ ಹಾಕಿಕೊಂಡು, ಬರಹವನ್ನೆಲ್ಲ ಆಯ್ದು ಆ ಫಾಂಟ್ ಕೊಟ್ಟರೆ ಕನ್ನಡ ಮರಳಿ ಬರುತ್ತದೆ. ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು, ಆದರೆ ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾರೆ ನೋಡಿ. ಮುಹೂರ್ತದ ಗಳಿಗೆ ತಪ್ಪಬಾರದು! ಓದಿದರೆ ಸಾಕು ಎಂದಾದರೆ ಪಿಡಿಎಫ್ ಮಾಡಿ ಕಳಿಸಲು ಹೇಳಿ, ಅದು ಫಾಂಟನ್ನು ತನ್ನೊಳಗೇ ಹೊತ್ತು ತರುತ್ತದೆ.

ಯೂನಿಕೋಡಿನಲ್ಲಿ ಪ್ರತಿ ಲಿಪಿಗೂ ಸ್ವಂತ ಮನೆಗಳ ಸಾಲುಂಟು. ತೆಲುಗಿನದು 3072ರಿಂದ 3199, ಕನ್ನಡದ್ದು 3200ರಿಂದ 3327. ಎರಡೂ ಪಕ್ಕಪಕ್ಕದ ಬೀದಿ. ತೆಲುಗಿನ ಕ-ಕಾರದ ಸಂಖ್ಯೆ 3093, ನಮ್ಮ 'ಕ' 3221. ಅದಕ್ಕೂ ಇದಕ್ಕೂ 128ರ ಅಂತರ. ಖ, ಗ, ಘ ಎಲ್ಲಕ್ಕೂ ಅದೇ 128. ಮಡಕಶಿರಾ ಕಡೆಯ ಹೇಮಾವತಿಯೇ ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು. ಆ ಕಾಲದಲ್ಲಿ ಕನ್ನಡ, ತೆಲುಗಿಗೆ ಒಂದೇ ಆಗಿದ್ದ ಲಿಪಿ ಮುಂದೆ ಎರಡಾಯಿತು, ಕಂಪ್ಯೂಟರಿನೊಳಗೂ ಅವು ಅಕ್ಕಪಕ್ಕದಲ್ಲೇ ಉಳಿದಿವೆ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ, ತೆಲುಗಿನದು ಗೌತಮಿ. ಎರಡೂ ನದಿಯ ಹೆಸರುಗಳು.

ಈ ನೆಂಟಸ್ತಿಕೆಯಿಂದ ಕೈಗೂ ಲಾಭವುಂಟು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ತೆಲುಗಿನ 'ಕ' ಮೂಡಿಸುವ ಕೀಲಿಯೇ ಕನ್ನಡದ 'ಕ'ವನ್ನೂ ಮೂಡಿಸುತ್ತದೆ. ಶಾಲೆಯಲ್ಲಿ ಅದರಲ್ಲೇ ತೆಲುಗು ಟೈಪಿಂಗ್ ಕಲಿತ ಮೊಮ್ಮಗಳು ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆಯಲು ಬೆರಳಿಗೆ ಹೊಸ ಪಾಠವೇನೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಒಮ್ಮೆ ಸೇರಿಸಿಕೊಂಡು, ವಿಂಡೋಸ್ ಕೀಲಿ ಒತ್ತಿ ಹಿಡಿದು ಸ್ಪೇಸ್ ಬಾರ್ ತಟ್ಟಿದರೆ ಆಯಿತು.