ಮನೆ ಕಾಪುವಿನಲ್ಲಿ, ಸಂಬಳ ಮುಂಬೈಯಲ್ಲಿ, ತೆರಿಗೆ ಯಾರಿಗೆ?

ಜುಲೈ ತಿಂಗಳು ಬಂತೆಂದರೆ ಉಡುಪಿ, ಮಣಿಪಾಲದ ಲೆಕ್ಕಪರಿಶೋಧಕರ ಕಚೇರಿಗಳ ಬಾಗಿಲಲ್ಲಿ ಒದ್ದೆ ಕೊಡೆಗಳ ಸಾಲು ಬೆಳೆಯುತ್ತದೆ. ಸಂಬಳದಾರರು ಆದಾಯ ತೆರಿಗೆ ವಿವರ ಸಲ್ಲಿಸಲು ವಾಡಿಕೆಯ ಕೊನೆಯ ದಿನ ಜುಲೈ 31. ಅಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಪ್ರಶ್ನೆ ಕೇಳಿಬರುತ್ತಿದೆ: ‘ನಾನಿರುವುದು ಇಲ್ಲಿ, ಕಂಪೆನಿಯಿರುವುದು ಬೇರೆ ರಾಜ್ಯದಲ್ಲಿ. ತೆರಿಗೆ ಎಲ್ಲಿ ಕಟ್ಟಬೇಕು?’

ಹೊರ ರಾಜ್ಯದ ದುಡಿಮೆ ಕರಾವಳಿಗೆ ಹೊಸದಲ್ಲ. ಹೋಟೆಲು, ಬ್ಯಾಂಕುಗಳ ದಾರಿ ಹಿಡಿದು ಮುಂಬೈಗೆ ಹೋದವರ ಕತೆ ಇಲ್ಲಿನ ಪ್ರತಿ ಮನೆಯಲ್ಲೂ ಇದೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡಾಗ ಆ ಪಯಣ ಸುಲಭವಾಯಿತು. ಆದರೆ 2020ರ ಕೊರೊನಾ ಕಾಲ ಈ ಪಯಣವನ್ನು ತಿರುಗುಮುರುಗಾಗಿಸಿತು. ಊರಿಗೆ ಮರಳಿದ ಅನೇಕರು ಮನೆಯ ಚಾವಡಿಯಲ್ಲೇ ಕುಳಿತು ಮುಂಬೈ, ಪುಣೆ, ಹೈದರಾಬಾದಿನ ಕಂಪೆನಿಗಳಿಗೆ ದುಡಿಯತೊಡಗಿದರು. ಊರು ಬದಲಾಯಿತು, ಸಂಬಳದ ಚೀಟಿಯಲ್ಲಿನ ವಿಳಾಸ ಮಾತ್ರ ಬದಲಾಗಲಿಲ್ಲ.

ಮೂಲ ಪ್ರಶ್ನೆಗೆ ಉತ್ತರ ಸರಳ. ಸಂವಿಧಾನದ ಏಳನೆಯ ಅನುಸೂಚಿಯಂತೆ, ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರದ ಅಧಿಕಾರ. ಆದ್ದರಿಂದ ದೇಶಕ್ಕೆಲ್ಲ ಒಂದೇ ದರ, ಒಬ್ಬರಿಗೆ ಒಂದೇ ಪಾನ್ ಸಂಖ್ಯೆ, ವರ್ಷಕ್ಕೆ ಒಂದೇ ವಿವರಪತ್ರ. ಅದರ ಮೊದಲ ಹಂತದ ಪರಿಶೀಲನೆ ನಡೆಯುವುದೂ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಪರದಾಡಿದರು. ಆದಾಯ ತೆರಿಗೆಗೆ ಮಾತ್ರ ಆ ಗಡಿ ಎಂದೂ ಇರಲಿಲ್ಲ.

ಅಮೆರಿಕದಲ್ಲಿರುವ ನಮ್ಮವರನ್ನು ಕೇಳಿದರೆ ಇದರ ಬೆಲೆ ತಿಳಿದೀತು. ನ್ಯೂಜೆರ್ಸಿಯಲ್ಲಿ ಮನೆ ಮಾಡಿ ನ್ಯೂಯಾರ್ಕಿನಲ್ಲಿ ದುಡಿಯುವವರು ಕೇಂದ್ರ ಸರ್ಕಾರಕ್ಕಲ್ಲದೆ ಎರಡೂ ರಾಜ್ಯಗಳಿಗೆ ಲೆಕ್ಕ ಒಪ್ಪಿಸಬೇಕು. ನ್ಯೂಯಾರ್ಕಿಗೆ ಕಟ್ಟಿದ ತೆರಿಗೆಗೆ ನ್ಯೂಜೆರ್ಸಿಯಲ್ಲಿ ವಿನಾಯಿತಿ ದೊರೆಯುವುದಾದರೂ ಕಾಗದಪತ್ರದ ಹೊರೆ ತಪ್ಪದು.

ಹಾಗೆಂದು ನಾವು ನಿಶ್ಚಿಂತರಾಗಿರುವಂತೆಯೂ ಇಲ್ಲ. ಎಡವುವ ಜಾಗಗಳು ನಾಲ್ಕಿವೆ.

ಮೊದಲನೆಯದು ಮನೆ ಬಾಡಿಗೆ ಭತ್ಯೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಈ ಭತ್ಯೆಗೆ ವಿನಾಯಿತಿ ಸಿಗುವುದು ನಿಜವಾಗಿ ಬಾಡಿಗೆ ಕೊಟ್ಟವರಿಗೆ ಮಾತ್ರ. ಅದರ ಮಿತಿ ನಿರ್ಧಾರವಾಗುವುದು ಬಾಡಿಗೆ ಮನೆ ಇರುವ ಊರಿನಿಂದ, ಕಚೇರಿ ಇರುವ ಊರಿನಿಂದಲ್ಲ. ಕಾಪುವಿನ ಸ್ವಂತ ಮನೆಯಲ್ಲಿ ವರ್ಷವಿಡೀ ಇದ್ದು, ಮುಂಬೈಯ ಹಳೆಯ ಬಾಡಿಗೆ ರಸೀದಿಯನ್ನೇ ಕಂಪೆನಿಗೆ ಕೊಡುತ್ತ ಬಂದವರು ಇದನ್ನು ‘ಹೊಂದಾಣಿಕೆ’ ಎಂದುಕೊಂಡಿರಬಹುದು. ಕಾನೂನಿನ ಕಣ್ಣಿನಲ್ಲಿ ಅದು ಸುಳ್ಳು ಮಾಹಿತಿ. 1961ರ ಕಾಯ್ದೆಯಲ್ಲಿ ತಪ್ಪು ಮಾಹಿತಿಗೆ ದಂಡ, ತಪ್ಪಿಸಿದ ತೆರಿಗೆಯ ಶೇ 200ರಷ್ಟು. ತಾವಾಗಿ ತಿದ್ದಿಕೊಳ್ಳುವವರಿಗೂ ದಾರಿಯಿದೆ: ನವೀಕೃತ (ಅಪ್‌ಡೇಟೆಡ್) ವಿವರ ಸಲ್ಲಿಸಲು ಇದ್ದ 24 ತಿಂಗಳ ಅವಕಾಶವನ್ನು 2025ರ ಹಣಕಾಸು ಕಾಯ್ದೆ 48 ತಿಂಗಳಿಗೆ ವಿಸ್ತರಿಸಿತು. ತಡವಾದಷ್ಟೂ ಹೆಚ್ಚುವರಿ ತೆರಿಗೆ ಶೇ 25ರಿಂದ 70ರವರೆಗೆ ಏರುತ್ತದೆ.

ಎರಡನೆಯದು ವರ್ಷದ ನಡುವೆ ಕೆಲಸ ಬದಲಿಸಿದವರ ಪಾಡು. ಹಳೆಯ ಸಂಬಳದ ವಿವರ ಕೊಡದಿದ್ದರೆ ಎರಡೂ ಕಂಪೆನಿಗಳು ತಂತಮ್ಮ ಸಂಬಳವೊಂದೇ ಆದಾಯವೆಂದು ಭಾವಿಸಿ, ಮೂಲ ವಿನಾಯಿತಿಯನ್ನು ಪ್ರತ್ಯೇಕವಾಗಿ ಕೊಟ್ಟು ತೆರಿಗೆ ಮುರಿದುಕೊಳ್ಳುತ್ತವೆ. ಕೊನೆಗೆ ಎರಡು ಫಾರ್ಮ್ 16 ಒಟ್ಟುಗೂಡಿಸಿದಾಗ ಬಾಕಿ ತೆರಿಗೆ, ಅದರ ಮೇಲೆ ಬಡ್ಡಿ ಎದುರಾಗುತ್ತದೆ.

ಮೂರನೆಯದು ಊರಿನ ತೋಟ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವೆಂಬುದು ನಿಜ. ಆದರೆ ಕಾರ್ಕಳದ ಅಡಿಕೆ ತೋಟ ಮಗನ ಹೆಸರಿನಲ್ಲಿದ್ದು ಅವನು ಪುಣೆಯಲ್ಲಿ ಸಂಬಳ ಪಡೆಯುತ್ತಿದ್ದರೆ, ಆ ಆದಾಯವನ್ನು ವಿವರಪತ್ರದಲ್ಲಿ ತೋರಿಸಲೇಬೇಕು. ಅದು 5,000 ರೂಪಾಯಿ ಮೀರಿದ್ದು, ಉಳಿದ ಆದಾಯವೂ ಮೂಲ ವಿನಾಯಿತಿ ಮಿತಿಯನ್ನು ದಾಟಿದ್ದರೆ, ತೆರಿಗೆಯ ದರ ನಿಗದಿಗಾಗಿ ಎರಡನ್ನೂ ಕೂಡಿಸಲಾಗುತ್ತದೆ. ತೋಟ ತಾಯಿಯದಾದರೆ ಆದಾಯವೂ ತಾಯಿಯದೇ. ಅನುಕೂಲ ನೋಡಿ ಹೆಸರು ಬದಲಿಸುವ ವಿಷಯ ಇದಲ್ಲ.

ನಾಲ್ಕನೆಯದು ವೃತ್ತಿ ತೆರಿಗೆ. ಗಡಿ ನಿಜವಾಗಿ ಕಾಣಿಸಿಕೊಳ್ಳುವುದು ಇಲ್ಲಿಯೇ. ಇದು ರಾಜ್ಯಗಳ ತೆರಿಗೆ. ಕರ್ನಾಟಕದಲ್ಲಿ 25,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮಾಸಿಕ ಸಂಬಳಕ್ಕೆ ತಿಂಗಳಿಗೆ 200 ರೂಪಾಯಿ. 2025ರ ತಿದ್ದುಪಡಿಯಂತೆ ಫೆಬ್ರುವರಿಯಲ್ಲಿ 300. ಮಹಾರಾಷ್ಟ್ರದ ಗರಿಷ್ಠ ದರವೂ ವರ್ಷಕ್ಕೆ 2,500 ರೂಪಾಯಿಯೇ. ಕೇರಳದಲ್ಲಿ ಇದನ್ನು ಸ್ಥಳೀಯ ಸಂಸ್ಥೆಗಳು ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತವೆ. ದೆಹಲಿಯಲ್ಲಿ ಈ ತೆರಿಗೆಯೇ ಇಲ್ಲ. ಮಂಜೇಶ್ವರದಿಂದ ದಿನವೂ ಮಂಗಳೂರಿಗೆ ಬಂದು ದುಡಿಯುವವರ ಮಟ್ಟಿಗೆ ಗೊಂದಲವಿಲ್ಲ: ಕೆಲಸ ಕರ್ನಾಟಕದಲ್ಲಿ, ತೆರಿಗೆಯೂ ಕರ್ನಾಟಕಕ್ಕೆ. ಆದರೆ ಮುಂಬೈ ಕಂಪೆನಿಯ ಕೆಲಸವನ್ನು ಕಾಪುವಿನಲ್ಲಿ ಕುಳಿತು ಮಾಡುವವರು ಯಾವ ರಾಜ್ಯದ ಉದ್ಯೋಗಿಗಳು? 1975–76ರ ಸುಮಾರಿಗೆ ಈ ಕಾಯ್ದೆಗಳನ್ನು ಬರೆದವರಿಗೆ ಇಂಥ ಪ್ರಶ್ನೆ ಊಹೆಗೂ ನಿಲುಕುವಂತಿರಲಿಲ್ಲ. ಕಂಪೆನಿಗಳು ಸಾಮಾನ್ಯವಾಗಿ ಕಚೇರಿಯಿರುವ ರಾಜ್ಯದ ಲೆಕ್ಕಕ್ಕೇ ಹಣ ಮುರಿದುಕೊಳ್ಳುತ್ತವೆ. ಉದ್ಯೋಗಿ ನಡೆದಾಡುವ ರಸ್ತೆ, ಕುಡಿಯುವ ನೀರು ಮಾತ್ರ ಇನ್ನೊಂದು ರಾಜ್ಯದ್ದು.

ಮೊತ್ತ ಚಿಕ್ಕದೆಂದು ತಳ್ಳಿಹಾಕಬಹುದು. ಆದರೆ 1988ರ ಸಂವಿಧಾನ ತಿದ್ದುಪಡಿ ನಿಗದಿಪಡಿಸಿದ 2,500 ರೂಪಾಯಿಯ ಮಿತಿಯನ್ನು 18,000ಕ್ಕೆ ಏರಿಸಬೇಕೆಂದು ಹದಿನೈದನೆಯ ಹಣಕಾಸು ಆಯೋಗ ಶಿಫಾರಸು ಮಾಡಿತ್ತು. ಅಂಥ ಏರಿಕೆ ಎಂದಾದರೂ ಜಾರಿಗೆ ಬಂದರೆ, ಇಂದಿನ ಸಣ್ಣ ಅಸ್ಪಷ್ಟತೆ ನಾಳೆ ಎರಡು ರಾಜ್ಯಗಳ ತಕರಾರಾಗಿ, ನಡುವೆ ಸಿಕ್ಕಿಬೀಳುವವನು ಸಂಬಳದಾರನೇ ಆದಾನು. ಮನೆಯಿಂದ ದುಡಿಯುವವರು ಯಾವ ರಾಜ್ಯಕ್ಕೆ ಸೇರುತ್ತಾರೆಂದು ರಾಜ್ಯಗಳು ಒಮ್ಮತದಿಂದ ಈಗಲೇ ಸ್ಪಷ್ಟಪಡಿಸುವುದು ಜಾಣತನ.

ಸಂಸತ್ತು 1961ರ ಕಾಯ್ದೆಯ ಜಾಗಕ್ಕೆ, 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಹೊಸ ಆದಾಯ ತೆರಿಗೆ ಕಾಯ್ದೆಯನ್ನು ಅಂಗೀಕರಿಸಿದ್ದು 2025ರಲ್ಲಿ. ಕಾಯ್ದೆಯ ಭಾಷೆ ಸರಳವಾಗಬಹುದು, ಕಲಮುಗಳ ಸಂಖ್ಯೆ ಬದಲಾಗಬಹುದು. ನಾವು ಎಲ್ಲಿದ್ದೇವೆ, ಎಲ್ಲಿ ದುಡಿಯುತ್ತೇವೆ, ಯಾರಿಗೆ ಬಾಡಿಗೆ ಕೊಟ್ಟಿದ್ದೇವೆ ಎಂಬುದನ್ನು ಇದ್ದಂತೆ ಬರೆಯುವ ಹೊಣೆ ಮಾತ್ರ ನಮ್ಮದೇ. ಊರಿಗೆ ಮರಳಿದ ಮಗ ಮುಂಬೈಯ ಹಳೆಯ ವಿಳಾಸವನ್ನು ಮೊದಲು ಅಳಿಸಬೇಕಾದದ್ದು ತನ್ನ ಸಂಬಳದ ಕಾಗದದಿಂದ.